ಪ್ರವಾಸದ ಲೆಕ್ಕದಲ್ಲಿ ಬಿಟ್ಟುಹೋಗುವ ಬಾಬ್ತು

ತಿಪಟೂರಿನ ಕೊಬ್ಬರಿ ಮಂಡಿಗಳಲ್ಲಿಯೂ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನಕಾಯಿ ಪೌಡರ್ ಮತ್ತು ನಾರಿನ ಕಾರ್ಖಾನೆಗಳಲ್ಲಿಯೂ ನೌಕರರನ್ನು ವರ್ಷಕ್ಕೊಮ್ಮೆ ಪ್ರವಾಸಕ್ಕೆ ಕರೆದೊಯ್ಯುವ ಪದ್ಧತಿ ಬೆಳೆದುಬಂದಿದೆ. ಹಿಂದೆ ಧರ್ಮಸ್ಥಳ, ಶೃಂಗೇರಿಗಳಿಗೆ ಹೋಗಿಬರುತ್ತಿದ್ದವರು ಈಗ ಮುಳ್ಳಯ್ಯನಗಿರಿಯ ಚಾರಣ, ಮುರುಡೇಶ್ವರದ ಕಡಲು, ದಾಂಡೇಲಿಯ ರಾಫ್ಟಿಂಗ್ ಎನ್ನುತ್ತಿದ್ದಾರೆ. ಸಂತೋಷದ ವಿಷಯವೇ ಸರಿ. ಈ ಪ್ರವಾಸಗಳ ವೋಚರುಗಳು ವರ್ಷಾಂತ್ಯಕ್ಕೆ ನನ್ನ ಮೇಜಿಗೆ ಬರುತ್ತವೆ. ಬಸ್ಸಿನ ಬಾಡಿಗೆ, ವಸತಿ, ಊಟ, ಕೊನೆಗೆ ಟೋಪಿಗಳ ಬಿಲ್ಲೂ ಇರುತ್ತದೆ. ಆದರೆ ಪ್ರವಾಸವನ್ನು ನಡುವೆಯೇ ನಿಲ್ಲಿಸಬೇಕಾಗಿ ಬಂದಲ್ಲಿ ಆಗುವ ನಷ್ಟಕ್ಕೆಂದು ಯಾರಾದರೂ ಒಂದು ರೂಪಾಯಿ ತೆಗೆದಿಟ್ಟಿದ್ದನ್ನು ನಾನು ಕಂಡಿಲ್ಲ.

ಅಪಾಯವು ಅನೇಕ ವೇಳೆ ಕೊಟ್ಟ ಮುಂಗಡದ ರೂಪದಲ್ಲಿಯೇ ನಮ್ಮೊಡನೆ ಬಸ್ಸು ಹತ್ತುತ್ತದೆ ಎಂಬುದು ನನ್ನ ಅಭಿಪ್ರಾಯ. ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರು ಮಂಡಿಯ ನೌಕರರೊಡನೆ ಮಲೆನಾಡಿಗೆ ಹೊರಟಾಗ ನನ್ನನ್ನೂ ಕರೆದಿದ್ದರು. ರಾತ್ರಿಯಿಡೀ ಮಳೆ ಸುರಿದಿತ್ತು. ಬೆಳಿಗ್ಗೆ ಸ್ಥಳೀಯ ಮಾರ್ಗದರ್ಶಿ, "ಇವತ್ತು ಜಲಪಾತದ ಕಡೆ ಬೇಡಿ ಸ್ವಾಮಿ, ಬಂಡೆ ಜಾರುತ್ತದೆ" ಎಂದ. ಜೀಪುಗಳಿಗೆ ಹಣ ಕೊಟ್ಟಾಗಿತ್ತು. ಮಾಲೀಕರು ನನ್ನ ಮುಖ ನೋಡಿದರು. ಮುಂಗಡ ವಾಪಸು ಬರುವುದಿಲ್ಲವೆಂದು ಲೆಕ್ಕ ಹೇಳಿದವನು ನಾನೇ. ಹೋದೆವು. ಹಮಾಲಿಯೊಬ್ಬ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಆಸ್ಪತ್ರೆಯ ಖರ್ಚು ಜೀಪುಗಳ ಬಾಡಿಗೆಯ ಹತ್ತಾರು ಪಟ್ಟಾಯಿತು. ಆತ ಮತ್ತೆ ಚೀಲ ಹೊರಲಿಲ್ಲ.

ಕೊಟ್ಟ ಹಣ ಹೋದರೂ ಹೋಯಿತು, ಹೋಗದಿದ್ದರೂ ಹೋಯಿತು. ಮುಂದಿನ ನಿರ್ಧಾರದಲ್ಲಿ ಅದಕ್ಕೆ ಸ್ಥಾನವಿಲ್ಲ. ಕೊಂಡ ಬೆಲೆಗೇ ಜೋತುಬಿದ್ದು, ಧಾರಣೆ ಇಳಿಯುತ್ತಿದ್ದರೂ ಕೊಬ್ಬರಿ ದಾಸ್ತಾನಿಟ್ಟು ಕೈಸುಟ್ಟುಕೊಂಡ ನಮ್ಮ ವರ್ತಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೂ ಬೆಟ್ಟದ ಬುಡದಲ್ಲಿ ನಿಂತಾಗ ಮರೆಯುತ್ತೇವೆ.

ಅನುಭವಿಗಳಿಗೂ ಪ್ರಕೃತಿ ರಿಯಾಯಿತಿ ತೋರುವುದಿಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡವು ಹಿಮಗಾಳಿಗೆ ಸಿಕ್ಕಿ 9 ಮಂದಿ ಮೃತಪಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿಹೋದರು. ಒಂದು ಹಿಮಾಲಯ, ಇನ್ನೊಂದು ಬಸ್ಸಿಳಿದು ನಡೆದುಹೋಗುವಷ್ಟು ಸಮೀಪದ ದಡ.

ಆದುದರಿಂದ ಸದಸ್ಯ ಬಾಂಧವರಲ್ಲಿ ನನ್ನ ಸಲಹೆ ಇಷ್ಟೇ: ಪ್ರವಾಸದ ಅಂದಾಜು ವೆಚ್ಚದಲ್ಲಿ ಶೇ. 10ರಿಂದ 15ರಷ್ಟನ್ನು 'ರದ್ದತಿ' ಎಂಬ ಬಾಬ್ತಿಗೆ ಮೊದಲೇ ತೆಗೆದಿಡಿ. ಮುಂಗಡ ಕೊಡುವ ಮುನ್ನ, ಹವಾಮಾನ ಕೆಟ್ಟಲ್ಲಿ ದಿನಾಂಕ ಬದಲಾಯಿಸಿಕೊಡುವರೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. 'ಹಿಂದಿರುಗೋಣ' ಎನ್ನುವ ಅಧಿಕಾರವನ್ನು ಒಬ್ಬರಿಗೆ ಹೆಸರಿಸಿ ಕೊಡಿ. ಆ ವ್ಯಕ್ತಿ ಹಣ ಕೊಟ್ಟ ಮಾಲೀಕರಾಗಿರಬಾರದು. ಮಾಲೀಕರ ಎದುರು ಗುಮಾಸ್ತನು ಬೇಡವೆನ್ನುವುದು ಕಷ್ಟ, ನಿಜ. ಹೊರಡುವ ಮುನ್ನ ಎಲ್ಲರ ಸಮ್ಮುಖದಲ್ಲಿ ಮಾಲೀಕರೇ ಇದನ್ನು ಘೋಷಿಸಿದರೆ ಆ ಸಂಕೋಚ ಬಹುಮಟ್ಟಿಗೆ ಹೋಗುತ್ತದೆ. ಅರಣ್ಯದೊಳಗಿನ ಚಾರಣಕ್ಕಾದರೆ ಅರಣ್ಯ ಇಲಾಖೆಯು 2024ರಲ್ಲಿ ಆರಂಭಿಸಿದ 'ಅರಣ್ಯ ವಿಹಾರ' ಆನ್‌ಲೈನ್ ವ್ಯವಸ್ಥೆಯಲ್ಲಿ ಟಿಕೆಟ್ ಪಡೆದೇ ಹೊರಡುವುದು. ಯಾರದೋ ಪರಿಚಯದ ಮೇಲೆ ಒಳನುಗ್ಗುವುದು ಬೇಡ.

ವಾಹನದ ವಿಷಯದಲ್ಲಿ ನಮ್ಮವರ ಉಳಿತಾಯಬುದ್ಧಿ ದುಬಾರಿಯಾಗಬಲ್ಲದು. ಬಿಳಿ ಬೋರ್ಡಿನ ವಾಹನವನ್ನು ಬಾಡಿಗೆಗೆ ಪಡೆದಲ್ಲಿ ಅದು ವಿಮಾ ಷರತ್ತಿನ ಉಲ್ಲಂಘನೆಯಾಗಿ ಪರಿಹಾರಕ್ಕೆ ತಕರಾರು ಬರುತ್ತದೆ. ಆಸನಗಳಿಗಿಂತ ಹೆಚ್ಚು ಜನರನ್ನು ತುಂಬಿದ ಬಸ್ಸಿನ ಪ್ರಕರಣದಲ್ಲಿ, ವಿಮಾ ಕಂಪನಿಯ ಹೊಣೆಯು ವಿಮೆಗೆ ಒಳಪಟ್ಟ ಪ್ರಯಾಣಿಕರ ಸಂಖ್ಯೆಗಷ್ಟೇ ಸೀಮಿತವೆಂದು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿಯೇ ತೀರ್ಪಿತ್ತಿದೆ. ಮಿಕ್ಕ ಹೊರೆ ವಾಹನದ ಮಾಲೀಕನದು. ಆ ಮಾಲೀಕ ನೀವೇ ಆಗಿದ್ದಲ್ಲಿ ಯೋಚಿಸಿ.

ಗುಂಪು ಅಪಘಾತ ವಿಮೆ ಮಾಡಿಸಿದ್ದೇವೆಂದು ನಿಶ್ಚಿಂತರಾಗುವವರೂ ಪಾಲಿಸಿಯ ಹೊರತುಪಡಿಕೆಗಳನ್ನು ಓದಬೇಕು. ಪರ್ವತಾರೋಹಣ, ರಾಫ್ಟಿಂಗ್‌ನಂತಹ ಸಾಹಸಗಳನ್ನೂ ಮದ್ಯ ಸೇವಿಸಿದ ಸ್ಥಿತಿಯಲ್ಲಾದ ಅಪಘಾತಗಳನ್ನೂ ಸಾಮಾನ್ಯವಾಗಿ ಅಲ್ಲಿ ಕೈಬಿಟ್ಟಿರುತ್ತಾರೆ. ಸಾಹಸಕ್ಕೆ ಪ್ರತ್ಯೇಕ ರಕ್ಷಣೆ ಬೇಕಾದಲ್ಲಿ ಕೇಳಿ ಪಡೆಯಿರಿ. ಹೋಗುವವರ ಹೆಸರಿನ ಪಟ್ಟಿಯನ್ನು ಬಸ್ಸು ಹೊರಡುವ ಮೊದಲೇ ವಿಮಾ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯುವುದು ಅಗತ್ಯ. ಅರಸೀಕೆರೆಯಲ್ಲಿ ಹತ್ತಿಕೊಳ್ಳುವ ಭಾವಮೈದುನನ ಹೆಸರೂ ಆ ಪಟ್ಟಿಯಲ್ಲಿರಲಿ.