ಬೆಳ್ಳಿ ತಂತಿಯ ದನಿಗೆ ಯಾವ ಬಣ್ಣ?

ಕಳೆದ ತಿಂಗಳು ಕೈಯಾರೆ ಒಂದು ಜೊತೆ ಬೆಳ್ಳಿ ಕೇಬಲ್ ಮಾಡಿದೆ. ಸಿಡಿ ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಹೋಗುವ, ಒಂದೊಂದು ಮೀಟರ್ ಉದ್ದದವು. ವೇಲಚೇರಿಯಲ್ಲಿ ಎಂಆರ್‌ಟಿಎಸ್ ರೈಲು ಹತ್ತಿ ಚಿಂತಾದ್ರಿಪೇಟೆಯಲ್ಲಿ ಇಳಿದು, ರಿಚಿ ಸ್ಟ್ರೀಟಿನಿಂದ ಆರ್‌ಸಿಎ ಪ್ಲಗ್, ಟೆಫ್ಲಾನ್ ಕೊಳವೆ, ಸೋಲ್ಡರ್ ತಂದೆ. ಅರ್ಧ ಮಿಲಿಮೀಟರ್ ದಪ್ಪದ ಶುದ್ಧ ಬೆಳ್ಳಿ ತಂತಿಯನ್ನು ಅಕ್ಕಸಾಲಿಗರೊಬ್ಬರು ಎಳೆದುಕೊಟ್ಟರು. ನಾಲ್ಕು ಮೀಟರಿಗೆ ಸುಮಾರು 8 ಗ್ರಾಂ.

ಮಲ್ಲಿಕಾರ್ಜುನ ಮನ್ಸೂರರ ಸಿಡಿ ಹಾಕಿದೆ. ತಂಬೂರಿ ಹೊಳೆಯಿತು, ತಾರಸ್ಥಾಯಿ ತಿಳಿಯಾಯಿತು. ಹಾಗೆಂದು ಮೈಸೂರಿನಿಂದ ಬಂದಿದ್ದ ತಂಗಿಗೆ ಹೇಳಿದೆ. "ಹಾಗಾದರೆ ಆ ಕಡೆ ತಿರುಗಿ ಕೂತ್ಕೋ ಅಕ್ಕಾ" ಎಂದಳು. ನಾಣ್ಯ ಚಿಮ್ಮಿ ಹಳೆಯ ತಾಮ್ರದ ಕೇಬಲನ್ನೋ ಬೆಳ್ಳಿಯದನ್ನೋ ಸಿಕ್ಕಿಸುತ್ತಾ ಹೋದಳು. ಹತ್ತರಲ್ಲಿ ಐದು ಸರಿ ಹೇಳಿದೆ. ಸುಮ್ಮನೆ ಊಹಿಸಿದ್ದರೂ ಅಷ್ಟೇ ಬರುತ್ತಿತ್ತು. ಒಂದು ಸಲ ಅವಳು ಸದ್ದು ಮಾಡಿದ್ದಷ್ಟೇ, ಕೇಬಲ್ ಬದಲಿಸಿಯೇ ಇರಲಿಲ್ಲ. ಆಗಲೂ ನಾನು "ಈಗ ಬೆಳ್ಳಿ, ಸ್ಪಷ್ಟವಾಗಿದೆ" ಎಂದಿದ್ದೆ.

ಲೆಕ್ಕ ಹಾಕಿ ನೋಡಿದರೆ ಇದರಲ್ಲಿ ಅಚ್ಚರಿಯಿಲ್ಲ. ಬೆಳ್ಳಿ ತಾಮ್ರಕ್ಕಿಂತ ವಿದ್ಯುತ್ತನ್ನು ಸುಮಾರು ಶೇ. 6ರಷ್ಟು ಚೆನ್ನಾಗಿ ಹರಿಸುತ್ತದೆ, ನಿಜ. ಆದರೆ ನನ್ನ ಕೇಬಲಿನಲ್ಲಿ, ಹೋಗಿ ಬರುವ ಎರಡೂ ತಂತಿ ಸೇರಿ, ಆ ವ್ಯತ್ಯಾಸ ಒಂದು ಓಮಿನ ನೂರನೇ ಒಂದು ಭಾಗಕ್ಕೂ ಕಡಿಮೆ. ಅದರೆದುರು ಆಂಪ್ಲಿಫೈಯರಿನ ಒಳಹಾದಿಯ ತಡೆ ಸಾಮಾನ್ಯವಾಗಿ 10,000 ಓಮ್ ಅಥವಾ ಹೆಚ್ಚು. ಹತ್ತು ಲಕ್ಷದಲ್ಲಿ ಒಂದು ಪಾಲಿನ ಮಾತು. ಇನ್ನು ಆಭರಣದ ಬೆಳ್ಳಿಯಲ್ಲಿ ತಾಮ್ರ ಬೆರೆತಿರುವುದರಿಂದ ಆ ಹೆಚ್ಚುಗಾರಿಕೆಯೂ ಉಳಿಯುವುದಿಲ್ಲ.

ಹಾಗಾದರೆ ನಾನು ಕೇಳಿದ ಹೊಳಪು ಎಲ್ಲಿಂದ ಬಂತು? ಭಾಷಾವಿಜ್ಞಾನ ಓದಿದವಳಿಗೆ ಅನುಮಾನ ಪದದ ಮೇಲೆಯೇ. ಬೆಳ್ಳಿ, ಬಿಳಿ, ಬೆಳಕು, ಬೆಳಗು ಒಂದೇ ಬೇರಿನವು. ತಮಿಳಿನ ವೆಳ್ಳಿಯೂ ಅದೇ ಬಳಗ. ತಮಿಳಿನಲ್ಲಿ ತಾಮ್ರಕ್ಕೆ ಚೆಂಬು ಎನ್ನುತ್ತಾರೆ, ಅದು ಕೆಂಪಿನ ನೆಂಟ. ನಮ್ಮಲ್ಲಿ ಅದು ನೀರಿನ ಚೆಂಬಾಗಿ ಉಳಿದಿದೆ. ಹೈ-ಫೈ ಪ್ರಿಯರನ್ನು ಕೇಳಿ: ಬೆಳ್ಳಿಯ ದನಿ ಹೊಳಪು, ತಾಮ್ರದ್ದು ಬೆಚ್ಚಗೆ. ಕಣ್ಣು ಕಂಡ ಬಣ್ಣವನ್ನೇ ಕಿವಿಯ ಹೆಸರಿನಲ್ಲಿ ಹೇಳುತ್ತಿದ್ದೇವೆ.

ಈ ಮಾತು ನನ್ನನ್ನೇ ಚುಚ್ಚುತ್ತದೆ. ನಾಲ್ಕು ವರ್ಷದ ಹಿಂದೆ ಇಂಥ ಕೇಬಲ್ ಒಂದರ ಜಾಹೀರಾತನ್ನು ಕನ್ನಡಕ್ಕೆ ತಂದವಳು ನಾನೇ. "ಬೆಳ್ಳಿಯಂಥ ನಿರ್ಮಲ ನಾದ" ಎಂದು ಬರೆದು, ಪದಕ್ಕಿಷ್ಟೆಂದು ಹಣ ಪಡೆದೆ. ಕೇಬಲನ್ನು ನಾನು ನೋಡಿಯೂ ಇರಲಿಲ್ಲ. ಅದನ್ನು ಓದಿ ಯಾರಾದರೂ ಸಾವಿರಾರು ರೂಪಾಯಿ ಕೊಟ್ಟಿದ್ದರೆ, ಅದರಲ್ಲಿ ನನ್ನ ಪಾಲೂ ಇದೆ.

ಕೇಬಲ್ ಮಾಡಬೇಡಿ ಎನ್ನುತ್ತಿಲ್ಲ. ತಂತಿ ಹೆಣೆಯುವುದು, ಬೆಸುಗೆ ಹಾಕುವುದು ಒಳ್ಳೆಯ ಕೆಲಸ. ಬೆಸುಗೆ ಗಟ್ಟಿಯಾಗಿರಲಿ, ಗುಂಯ್ ಎನ್ನದಂತೆ ಹೊರಗವಚ ಇರಲಿ. ಲೋಹ ಯಾವುದಾದರೂ ಆದೀತು. ದನಿ ಬದಲಾಗಬೇಕಿದ್ದರೆ ಸ್ಪೀಕರುಗಳನ್ನು ಗೋಡೆಯಿಂದ ಒಂದಡಿ ಮುಂದಕ್ಕೆ ಎಳೆಯಿರಿ, ಬರಿ ನೆಲಕ್ಕೆ ಜಮಖಾನೆ ಹಾಸಿ. ನಮ್ಮ ಮನೆಯಲ್ಲಿ ಆ ವ್ಯತ್ಯಾಸವನ್ನು ತಂಗಿ ಅಡುಗೆಮನೆಯಿಂದಲೇ ಗುರುತಿಸಿದಳು.

ಬೆಳ್ಳಿ ಕೇಬಲ್ ಈಗಲೂ ಸಿಕ್ಕಿಸಿಕೊಂಡೇ ಇದೆ, ನೋಡಲು ಚೆಂದ. ಮುಂದಿನ ಸಲ ಅಂಥ ಜಾಹೀರಾತು ಅನುವಾದಕ್ಕೆ ಬಂದರೆ ಮೊದಲು ಒಂದು ಪ್ರಶ್ನೆ ಕಳಿಸುತ್ತೇನೆ: ಕಣ್ಣು ಕಟ್ಟಿಕೊಂಡು ಕೇಳಿದವರು ಯಾರು?