ನೆಲೆಯ ನೀರು
ದೇಶಕ್ಕಾಗಿ ಪ್ರಾಣ ಕೊಡಲು ನಿಂತವರಿಗೆ ನಲ್ಲಿಯ ನೀರೇ ವಿಷವಾದ ಸಂಗತಿಯೊಂದನ್ನು ಈ ತಿಂಗಳು ಓದುಗರ ಮುಂದಿಡುತ್ತಿದ್ದೇವೆ. ಅಮೆರಿಕದ ಉತ್ತರ ಕೆರೊಲಿನಾದ ಕ್ಯಾಂಪ್ ಲೆಜೂನ್ ಎಂಬ ಮರೀನ್ ಸೈನಿಕರ ನೆಲೆಯಲ್ಲಿ, 1953ರಿಂದ 1987ರವರೆಗೆ, ಲೋಹದ ಜಿಡ್ಡನ್ನೂ ಬಟ್ಟೆಯ ಕಲೆಯನ್ನೂ ತೆಗೆಯುವ ರಾಸಾಯನಿಕಗಳು ಕುಡಿಯುವ ನೀರಿನಲ್ಲಿ ಬೆರೆತಿದ್ದವು. ಶುಚಿಗೊಳಿಸಲೆಂದು ತಂದುದೇ ನೆಲಕ್ಕಿಳಿದು ಬಾವಿಗಳನ್ನು ಕೆಡಿಸಿತು. 1982ರ ಪರೀಕ್ಷೆಯಲ್ಲಿಯೇ ಇದು ತಿಳಿದಿದ್ದರೂ ಹೆಚ್ಚು ಕೆಟ್ಟ ಬಾವಿಗಳೆಲ್ಲ ಮುಚ್ಚಿದುದು 1985ರ ಹೊತ್ತಿಗೆ. ಆ ವರ್ಷವೇ ಸೈನಿಕ ಜೆರ್ರಿ ಎನ್ಸ್‌ಮಿಂಗರ್ ಅವರ 9 ವರ್ಷದ ಮಗಳು ಜೇನಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ನೀರಿನ ವಿಷಯ ತಂದೆಯ ಕಿವಿಗೆ ಬಿದ್ದುದು 1997ರಲ್ಲಿ, ಟೆಲಿವಿಷನ್ ವಾರ್ತೆಯಿಂದ! 2012ರ ಕಾನೂನು ಚಿಕಿತ್ಸೆಯನ್ನೂ 2022ರದು ದಾವೆಯ ಹಕ್ಕನ್ನೂ ನೀಡಿದವು. ಪರಿಹಾರವೆಂಬ ಮಾತನ್ನು ನಾವು ಅಳುಕಿನಿಂದಲೇ ಬರೆಯುತ್ತೇವೆ. 2024ರ ಆಗಸ್ಟಿನಲ್ಲಿ ಗಡುವು ಮುಗಿಯುವಷ್ಟರಲ್ಲಿ 4 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದವು.