ಬೇಲಿ ಕಿತ್ತರೆ ಸಾಲದು

ಚಿತ್ರರಂಗದಲ್ಲಿ ಮಹಿಳೆ ಕೇಶವಿನ್ಯಾಸ ಮಾಡಬಹುದು, ಮೇಕಪ್ ಮಾಡುವಂತಿಲ್ಲ ಎಂಬ ಮುಂಬೈನ ಕಾರ್ಮಿಕ ಸಂಘವೊಂದರ ಕಟ್ಟಳೆಯನ್ನು ಸುಪ್ರೀಂ ಕೋರ್ಟ್ 2014ರ ನವೆಂಬರ್ 10ರಂದು ರದ್ದುಪಡಿಸಿತು. ಚಾರು ಖುರಾನಾ ಪ್ರಕರಣದ ಆ ತೀರ್ಪು ಸ್ವಾಗತಾರ್ಹವೇ. ಆದರೆ ಬೇಲಿ ಕಿತ್ತ ಮಾತ್ರಕ್ಕೆ ಒಳಗಿನ ಬಾಳು ಹಸನಾಗದು. ಒಂದೇ ದೃಶ್ಯದ ಚಿತ್ರೀಕರಣ ನಾಲ್ಕು ದಿನ ನಡೆದರೂ ನಾಯಕಿಯ ಮುಡಿ ಬದಲಾಗದಂತೆ ಕಾಯುವವಳು ಕೇಶವಿನ್ಯಾಸಕಿ. ಇಂತಹ ದುಡಿಮೆಯ ತಾಣಗಳಲ್ಲಿ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಲಿಖಿತ ಕರಾರುಗಳ ಕೊರತೆಯನ್ನು 2024ರ ಆಗಸ್ಟ್‌ನಲ್ಲಿ ಬಹಿರಂಗವಾದ ಕೇರಳದ ಹೇಮಾ ಸಮಿತಿಯ ವರದಿ ದಾಖಲಿಸಿದೆ. ಇದು ನೆರೆಮನೆಯ ಸುದ್ದಿಯೆಂದು ಕನ್ನಡ ಚಿತ್ರೋದ್ಯಮ ಸುಮ್ಮನಿರಲಾಗದು. ಈ ಕನಿಷ್ಠ ಸೌಕರ್ಯಗಳನ್ನು ಒದಗಿಸದ ನಿರ್ಮಾಪಕರಿಗೆ ಚಿತ್ರೀಕರಣದ ಅನುಮತಿ ನೀಡಬಾರದು. ತೆರೆಯ ಮೇಲಿನ ಚೆಲುವಿಗೆ ಮನಸೋಲುವ ನಾವೂ ಅದನ್ನು ರೂಪಿಸಿದ ಕೈಗಳ ಘನತೆಗಾಗಿ ದನಿಯೆತ್ತಬೇಕು.